ಪಿನ್ನರ್‌ನಲ್ಲಿ ತೆಗೆದ ಮೊದಲ ಫೋಟೊ

1998ರ ಸೆಪ್ಟೆಂಬರ್‌ನಲ್ಲಿ ನಾನು ಓದಲೆಂದು ಲಂಡನ್ನಿಗೆ ಬಂದಿಳಿದೆ. ಅದೇ ದಿನ ಮಧ್ಯಾಹ್ನ ಊರಂಚಿನ ಪಿನ್ನರ್‌ನ ಒಂದು ಮನೆಯ ಮುಂದೆ ನಿಲ್ಲಿಸಿ ನನ್ನ ಫೋಟೊ ತೆಗೆದರು. ಆ ಮನೆ ಯಾರದೆಂದು ನನಗೂ ಗೊತ್ತಿರಲಿಲ್ಲ, ತೆಗೆದವರಿಗೂ ಗೊತ್ತಿರಲಿಲ್ಲ.

ಈಚೆಗೆ ಹಳೆಯ ಬಟ್ಟೆ ಮಾರುವ ಅಂಗಡಿಯೊಂದರಲ್ಲಿ ಉಣ್ಣೆಯ ಕೋಟುಗಳನ್ನು ಸರಿಸುತ್ತಿದ್ದಾಗ ನುಸಿಗುಳಿಗೆಯ ವಾಸನೆ ಬಂತು. ಆ ದಿನ ನಾನು ತೊಟ್ಟಿದ್ದ ಕೋಟಿಗೂ ಇದೇ ವಾಸನೆ ಇತ್ತು. ಕೋಟು ನನ್ನದಲ್ಲ. ಕಾಕಾ ಅವರ ಕಾರಿನ ಡಿಕ್ಕಿಯಲ್ಲಿ ವರ್ಷವಿಡೀ ಮಡಿಸಿ ಇಟ್ಟಿರುತ್ತಿದ್ದ, ಮೊಣಕಾಲು ಮುಟ್ಟುವ ನೀಲಿ ಕೋಟು.

ಅವರನ್ನು ಎಲ್ಲರೂ ಕಾಕಾ ಎಂದೇ ಕರೆಯುತ್ತಿದ್ದರು. ಧಾರವಾಡದವರು. ಹೀಥ್ರೂ ಪಕ್ಕದ ಹೇಸ್‌ನಲ್ಲಿ ಒಂದು ಗೋದಾಮಿನಲ್ಲಿ ಕೆಲಸ ಮಾಡುತ್ತಿದ್ದರು. ನಮ್ಮ ಕಡೆಯಿಂದ ಓದಲು ಬರುವವರನ್ನು ವಿಮಾನ ನಿಲ್ದಾಣದಿಂದ ಕರೆತಂದು ಬಾಡಿಗೆ ಕೋಣೆಗೆ ಸೇರಿಸುವುದು ಅವರು ತಾವಾಗಿಯೇ ಹಚ್ಚಿಕೊಂಡಿದ್ದ ಕೆಲಸ. ನಾನು ಮೈಸೂರಿನವಳು. ತಂದೆಯ ಬ್ಯಾಂಕಿನಲ್ಲಿದ್ದ ಧಾರವಾಡದ ಒಬ್ಬರು ಅವರ ಫೋನ್ ನಂಬರು ಕೊಟ್ಟಿದ್ದರು.

ನನ್ನ ಕೋಣೆ ಇದ್ದದ್ದೂ ಹೇಸ್‌ನಲ್ಲೇ. ವಿಮಾನ ನಿಲ್ದಾಣಕ್ಕೆ ಹತ್ತಿರ ಎಂದು ಕೇಳಿದ್ದೆ. ಆದರೆ ಕಾರು ಓಡುತ್ತಲೇ ಇತ್ತು. ಗೋದಾಮುಗಳು ಮುಗಿದು, ಮರಗಳಿರುವ ಬೀದಿಗಳು ಶುರುವಾದವು.

“ಕಾಕಾ, ಇದೇ ದಾರೀನಾ?” ಎಂದು ಕೇಳಿದೆ.

“ದಾರಿ ಅಲ್ಲವಾ ತಂಗಿ, ಫೋಟೊ. ಮೊದಲ ನಿನ್ನ ಖೋಲಿ ತೋರಿಸಿದ್ರ ನಿಮ್ಮವ್ವ ನಾಳಿನ ವಿಮಾನಕ್ಕ ನಿನ್ನ ತಿರುಗಿ ಕರಿಸ್ಕೊಂತಾಳ.”

ಬಿಳಿ ಗೋಡೆ, ಕಪ್ಪು ಮರದ ಪಟ್ಟಿಗಳ ಹಳೆಯ ಮನೆ. ಗೇಟಿನ ಎರಡೂ ಬದಿಗೆ ಗುಲಾಬಿ. ಕಾಕಾ ಡಿಕ್ಕಿ ತೆರೆದು ಕೋಟು ಕೊಟ್ಟರು. “ನಗು. ಅಷ್ಟ ನಗಬ್ಯಾಡ, ನೀ ಬಂದು ಇನ್ನೂ ತಾಸಾಗಿಲ್ಲ.” ನಾನು ಗೇಟಿನ ಮೇಲೆ ಕೈಯಿಟ್ಟು ನಿಂತೆ. ಅಷ್ಟರಲ್ಲಿ ಬಾಗಿಲು ತೆರೆಯಿತು. ವಯಸ್ಸಾದ ಹೆಂಗಸೊಬ್ಬರು ಹೊರಬಂದು, ದಾರಿ ತಪ್ಪಿದಿರಾ ಎಂದು ಕೇಳಿದರು. ಇಲ್ಲ, ನಿಮ್ಮ ಗುಲಾಬಿ ಬಹಳ ಚೆನ್ನಾಗಿದೆ ಎಂದರು ಕಾಕಾ. ಆಕೆ ಥ್ಯಾಂಕ್ಸ್ ಹೇಳಿ, ನಾವು ಕಾರು ಹತ್ತುವವರೆಗೂ ಬಾಗಿಲಲ್ಲೇ ನಿಂತಿದ್ದರು. ಬೀಳ್ಕೊಡಲು ನಿಂತರೋ, ಕಾವಲಿಗೆ ನಿಂತರೋ... ಈಗಲೂ ಹೇಳಲಾರೆ.

ಆ ಕಾಲದಲ್ಲಿ ಓದಲು ಯಾವ ದೇಶಕ್ಕೆ ಹೋಗಬೇಕು ಎಂಬುದನ್ನು ನಮ್ಮ ಮನೆಗಳಲ್ಲಿ ಹೀಗೆಯೇ ತೀರ್ಮಾನಿಸುತ್ತಿದ್ದರು. ಕಾಲೇಜುಗಳು ಹಂಚುತ್ತಿದ್ದ ಬಣ್ಣದ ಪುಸ್ತಿಕೆಗಳಲ್ಲಿ ಎಲ್ಲ ದೇಶವೂ ಹಸಿರು, ಎಲ್ಲರೂ ನಗುಮುಖದವರು. ಅದನ್ನು ಯಾರೂ ಪೂರ್ತಿ ನಂಬುತ್ತಿರಲಿಲ್ಲ. ಪಕ್ಕದ ಮನೆಯ ಹುಡುಗಿ ಹೂವಿನ ಗೇಟಿನ ಮುಂದೆ ನಿಂತ ಫೋಟೊವನ್ನು ನಂಬುತ್ತಿದ್ದರು. ಧಾರವಾಡದ ಒಂದು ಮದುವೆಯಲ್ಲಿ ಇಬ್ಬರು ತಾಯಂದಿರು ತಮ್ಮ ಮಕ್ಕಳ ಫೋಟೊ ಹೋಲಿಸಿ ನೋಡಿದರಂತೆ. ಒಂದೇ ಕೋಟು. ಅಲ್ಲಿ ಕಾಲೇಜಿನವರೇ ಕೋಟು ಕೊಡುತ್ತಾರೆ ಎಂದು ಮಾತಾಯಿತು. ಕಾಕಾ ಇದನ್ನು ಹೇಳಿಕೊಂಡು ಬಹಳ ನಗುತ್ತಿದ್ದರು.

ಆ ಗೇಟಿನ ಮುಂದೆ ಮೊದಲು ನಿಂತವರು ಅವರೇ. ಲಂಡನ್ನಿಗೆ ಬಂದ ಹೊಸತರಲ್ಲಿ ಜೊತೆಗಾರನೊಬ್ಬ ತೆಗೆದ ಫೋಟೊವನ್ನು ಧಾರವಾಡದ ಅಕ್ಕನಿಗೆ ಕಳಿಸಿದ್ದರು. ಇದು ನಿನ್ನ ಮನೆಯೇ ಎಂದು ಅಕ್ಕ ಪತ್ರದಲ್ಲಿ ಕೇಳಿದಾಗ, ಅರಾಮ ಅದೀನಿ ಎಂದಷ್ಟೇ ಉತ್ತರ ಬರೆದರು. ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ಅವರು ಇದ್ದದ್ದು ಹೇಸ್‌ನ ಒಂದು ಹಳೆಯ ಸಾಲುಮನೆಯಲ್ಲಿ. ಇತರ ಬಾಡಿಗೆದಾರರ ಜೊತೆ ಒಂದೇ ಅಡುಗೆಮನೆ, ಮಹಡಿಯ ಹಿಂಭಾಗದಲ್ಲಿ ಒಂದು ಕೋಣೆ. ಹೆಂಡತಿ ಊರಲ್ಲೇ ತೀರಿಕೊಂಡಿದ್ದರು. ಮಕ್ಕಳಿರಲಿಲ್ಲ.

2003ರಲ್ಲಿ ಆ ಅಕ್ಕನ ಮಗಳು ಹೊರದೇಶಕ್ಕೆ ಓದಲು ಹೊರಟಳು. ಆಗ ನಾನು ಸುದ್ದಿಮನೆಯೊಂದರಲ್ಲಿ ಕೆಲಸಕ್ಕೆ ಸೇರಿದ್ದೆ. ಬಾಡಿಗೆ ಕಡಿಮೆ ಎಂದು ಹೇಸ್‌ನಲ್ಲೇ ಉಳಿದಿದ್ದೆ. ಹುಡುಗಿಗೆ ನ್ಯೂಜಿಲೆಂಡಿನ ಡುನೆಡಿನ್‌ನಲ್ಲಿ ಒಳ್ಳೆಯ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿತ್ತು. ಲಂಡನ್ನಿನಲ್ಲಿ ಸಿಕ್ಕಿದ್ದು ಸ್ಟ್ರಾಟ್‌ಫರ್ಡ್‌ನ ಒಂದು ಖಾಸಗಿ ಕಾಲೇಜು. ಅವಳು ಲಂಡನ್ ಆರಿಸಿಕೊಂಡಳು. ನ್ಯೂಜಿಲೆಂಡಿನಲ್ಲಿ ನಮ್ಮವರು ಯಾರಿದ್ದಾರೆ, ಇಲ್ಲಿ ಮಾಮನ ಮನೆಯೇ ಇದೆ, ಅಷ್ಟು ದೊಡ್ಡದು, ಹೂದೋಟ ಬೇರೆ... ಇದು ಅವಳ ತಾಯಿಯ ಲೆಕ್ಕ.

ಕಾಕಾ ರಜೆ ಹಾಕಿ ಸ್ಟ್ರಾಟ್‌ಫರ್ಡ್‌ಗೆ ಹೋಗಿ ಕಾಲೇಜು ನೋಡಿ ಬಂದರು. ಕೋಳಿ ಕರಿಯುವ ಅಂಗಡಿಯ ಮೇಲೆ ಎರಡು ಕೋಣೆ. ಬಾಗಿಲಿಗೆ ಬೀಗ. ಅಂತಹ ಕಾಲೇಜುಗಳಿಗೆ ಸೇರಿ, ಅವು ಮುಚ್ಚಿದ ಮೇಲೆ ಪೆಟ್ಟಿಗೆ ಹೊತ್ತು ವಾಪಸ್ ಹೊರಟವರನ್ನು ವಿಮಾನ ನಿಲ್ದಾಣಕ್ಕೆ ಬಿಟ್ಟುಬಂದವರೂ ಅವರೇ.

ಅಕ್ಕನಿಗೆ ಫೋನ್ ಮಾಡಿದಾಗಲೆಲ್ಲ ನ್ಯೂಜಿಲೆಂಡನ್ನು ಹೊಗಳತೊಡಗಿದರು. ಗುಡ್ಡ ಇದೆ, ಸಮುದ್ರ ಇದೆ, ಜನ ಒಳ್ಳೆಯವರು ಎಂದರು. ಅವರು ನ್ಯೂಜಿಲೆಂಡ್ ನೋಡಿರಲಿಲ್ಲ. ಕಾಲೇಜು ಸರಿಯಿಲ್ಲ ಎಂದರೂ ಅಕ್ಕ ಒಪ್ಪಲಿಲ್ಲ, ನಿನ್ನ ಮನೆ ಇದೆಯಲ್ಲ ಎಂದರು. ಹುಡುಗಿ ಲಂಡನ್ ವೀಸಾಕ್ಕೆ ಓಡಾಡಲು ಶುರುಮಾಡಿದಳು.

ಒಂದು ಭಾನುವಾರ ಕಾಕಾ ನನ್ನನ್ನು ತಮ್ಮ ಕೋಣೆಗೆ ಕರೆದರು. ಕ್ಯಾಮೆರಾ ತರಲು ಹೇಳಿದ್ದರು.

“ಈ ಖೋಲಿ ಫೋಟೊ ತೆಗಿ. ನೀ ಪೇಪರಿನಾಕಿ, ಇದ್ದದ್ದು ಇದ್ದಂಗ ತೆಗೀತಿ.”

ಕಿಟಕಿಯ ಕೆಳಗೆ ಗೋಡೆ ತೇವದಿಂದ ಕಪ್ಪಾಗಿತ್ತು. ಮಂಚ, ಮಂಚದ ಕೆಳಗೆ ಕೆಲಸದ ಬೂಟು, ಹೀಟರಿನ ಮೇಲೆ ಒಣಗಲು ಹಾಕಿದ ಬನಿಯನ್. ಬನಿಯನ್ ತೆಗೆದಿಡಲೇ ಎಂದು ಕೇಳಿದೆ. ಇರಲಿ ಎಂದರು.

“ನೀವು ಮಂಚದ ಮೇಲೆ ಕೂತ್ಕೊಳ್ಳಿ ಕಾಕಾ.”

“ನಾ ಯಾಕ? ಖೋಲಿ ಕಂಡ್ರ ಸಾಕು.”

ಮತ್ತೊಮ್ಮೆ ಹೇಳಿದೆ. ಅವರು ಬಾಗಿಲಾಚೆ ಹೋಗಿ ನಿಂತರು. ಅವರಿಲ್ಲದ ಕೋಣೆಯ ಫೋಟೊ ಧಾರವಾಡಕ್ಕೆ ಹೋಯಿತು.

ಅದು ತಲುಪಿದ ಮೇಲೆ ಅಕ್ಕನ ಫೋನ್ ಬಂತು. ನಾನು ಅಂದು ಅವರ ಅಡುಗೆಮನೆಯಲ್ಲೇ ಇದ್ದೆ. ಅಕ್ಕನದು ದೊಡ್ಡ ದನಿ. ಕಾಕಾ ರಿಸೀವರನ್ನು ಕಿವಿಯಿಂದ ದೂರ ಹಿಡಿದಿದ್ದರು.

“ತಮ್ಮಾ, ಇದು ಯಾರ ಖೋಲಿ?”

“ನಂದ, ಅಕ್ಕಾ.”

“ಹಂಗಾರ ಗುಲಾಬಿ ಗಿಡದ ಮನಿ ಯಾರ್ದು?”

“ಅದ್ಯಾರ್ದೋ. ನನಗ ಗೊತ್ತಿಲ್ಲ.”

“ಗೊತ್ತಿಲ್ಲದವರ ಮನಿ ಮುಂದ ಹೋಗಿ ಯಾರರ ಫೋಟೊ ತೆಗಿಸ್ಕೊಂತಾರೇನು?”

“ನಾ ತೆಗಿಸ್ಕೊಂಡಿನಿ.”

ಅಕ್ಕನ ದನಿ ತಗ್ಗಿತು. ಆದರೂ ಕೇಳಿಸಿತು.

“ನನ್ನ ಮಗಳನ್ನ ಇಟ್ಕೊಳ್ಳಾಕ ಮನಸಿಲ್ಲ ಅನ್ನು, ಮುಗೀತು. ಯಾರದೋ ಹರಕು ಖೋಲಿ ತೋರಿಸಿ ನನ್ನ ಹುಚ್ಚಿ ಮಾಡಬ್ಯಾಡ.”

ಕಾಕಾ ಗೋಡೆಯ ಕಡೆ ನೋಡುತ್ತಿದ್ದರು. ಕೋಣೆ ತಮ್ಮದೇ ಎಂದು ಇನ್ನೊಮ್ಮೆ ಹೇಳುತ್ತಾರೆ ಎಂದುಕೊಂಡೆ.

“ಹೂಂ ಅಕ್ಕಾ. ಮನಸಿಲ್ಲ,” ಎಂದರು.

ಅಕ್ಕ ಫೋನ್ ಇಟ್ಟರು. ಕಾಕಾ ರಿಸೀವರನ್ನು ಜಾಗದಲ್ಲಿಟ್ಟು, “ಚಹಾ ಮಾಡ್ಲ್ಯಾ?” ಎಂದು ಕೇಳಿದರು. ಚಹಾ ಕುಡಿದೆವು. ಅಂದು ಬೇರೆ ಏನು ಮಾತಾಡಿದೆವೋ... ನೆನಪಿಲ್ಲ.

ಮುಂದಿನ ಫೆಬ್ರುವರಿಯಲ್ಲಿ ಹುಡುಗಿ ಡುನೆಡಿನ್‌ಗೆ ಹೋದಳೆಂಬ ಸುದ್ದಿ ಊರಿನವರೊಬ್ಬರಿಂದ ತಿಳಿಯಿತು. ಅಕ್ಕ ತಿಳಿಸಿರಲಿಲ್ಲ. ದೀಪಾವಳಿಗೆ ಕಾಕಾ ಫೋನ್ ಮಾಡಿದರೆ ಅತ್ತ ಯಾರೂ ಎತ್ತುತ್ತಿರಲಿಲ್ಲ, ಎತ್ತಿದರೂ ಅಕ್ಕ ಸ್ನಾನಕ್ಕೆ ಹೋಗಿದ್ದಾರೆ ಎಂಬ ಉತ್ತರ. “ಭಾಳ ಮಡಿ ಆಗ್ಯಾಳ, ಯಾವಾಗ ಕೇಳಿದ್ರೂ ಸ್ನಾನದಾಗ ಇರ್ತಾಳ,” ಎಂದು ಒಮ್ಮೆ ಅಂದರು. ಕೆಲವು ವರ್ಷಗಳ ನಂತರ ಫೋನ್ ಮಾಡುವುದನ್ನು ಬಿಟ್ಟರು.

ಪಿನ್ನರ್‌ಗೆ ಹೋಗುವುದನ್ನು ಮಾತ್ರ ಬಿಡಲಿಲ್ಲ. ಪ್ರತಿ ಸೆಪ್ಟೆಂಬರ್‌ನಲ್ಲೂ ಹೊಸಬರು ಬರುತ್ತಿದ್ದರು, ಕೋಟು ಹೊರಬರುತ್ತಿತ್ತು. ಇನ್ನೂ ಯಾಕೆ ಎಂದು ಕೇಳಿದ್ದೆ. “ಅವರ ಅಪ್ಪ ಅವ್ವ ಇವತ್ತ ರಾತ್ರಿ ನಿದ್ದಿ ಮಾಡ್ಬೇಕಲ್ಲ ತಂಗಿ,” ಎಂದರು. ನನ್ನ ತಂದೆ ತಾಯಿ ನನ್ನ ಫೋಟೊಗೆ ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದ್ದರು. ಅದರ ಕೆಳಗೆ ಕೂತವರಿಗೆಲ್ಲ ಇಂಗ್ಲೆಂಡ್ ಒಳ್ಳೆಯ ದೇಶ ಎನ್ನುತ್ತಿದ್ದರು.

ಕಾಕಾ 2009ರ ಜನವರಿಯಲ್ಲಿ ನ್ಯುಮೋನಿಯಾದಿಂದ ಆಸ್ಪತ್ರೆಯಲ್ಲಿ ತೀರಿಕೊಂಡರು. ಧಾರವಾಡಕ್ಕೆ ಫೋನ್ ಮಾಡಿ ತಿಳಿಸಿದವಳು ನಾನು. ಅಕ್ಕನೇ ಎತ್ತಿದರು.

“ಅಷ್ಟ ದೊಡ್ಡ ಮನ್ಯಾಗ ಒಬ್ಬನ ಇದ್ದನೇನವಾ?”

“ಇಲ್ಲ, ಮನೇಲಿ ಜೊತೆಗೆ ಜನ ಇದ್ರು,” ಎಂದೆ. ಅದು ನಿಜವಾಗಿತ್ತು.

ಅಂತ್ಯಕ್ರಿಯೆಗೆ ಆ ಬಾಡಿಗೆದಾರರು ಬಂದಿದ್ದರು, ಗೋದಾಮಿನ ಕೆಲವರಿದ್ದರು, ನಾನಿದ್ದೆ. ಕಾಕಾ ಕರೆತಂದವರಲ್ಲಿ ಹೆಚ್ಚಿನವರ ನಂಬರು ಆಗಲೇ ಬದಲಾಗಿತ್ತು. ಹೇಸ್‌ಗೆ ಈಗ ಎಲಿಜಬೆತ್ ಲೈನ್ ರೈಲು ಬಂದಿದೆ. ನಾನು ಕೆಲಸಕ್ಕೆ ಅದರಲ್ಲೇ ಹೋಗುತ್ತೇನೆ. ದಾರಿಯಲ್ಲಿ ಅವರಿದ್ದ ಬೀದಿಯ ಹಿಂಭಾಗ ಒಂದು ಕ್ಷಣ ಕಾಣುತ್ತದೆ. ಯಾವ ಕಿಟಕಿ ಅವರದು ಎಂದು ಗುರುತಿಸಲು ನನಗೆ ಈಗ ಆಗುವುದಿಲ್ಲ.

ಅಕ್ಕನ ಮಗಳು ಡುನೆಡಿನ್‌ನಲ್ಲೇ ನೆಲೆಸಿದ್ದಾಳೆ, ಅಲ್ಲಿಯ ಶಾಲೆಯೊಂದರಲ್ಲಿ ಕಲಿಸುತ್ತಾಳೆ. ಕಳೆದ ವರ್ಷ ತಾಯಿಯನ್ನು ತನ್ನಲ್ಲಿಗೆ ಕರೆಸಿಕೊಂಡಳು. ತಾಯಿಗೆ ಊರು ಹಿಡಿಸಿದೆ ಎಂದೂ, ದಿನಾ ಸಂಜೆ ಸಮುದ್ರದ ಕಡೆ ನಡೆದುಹೋಗುತ್ತಾರೆ ಎಂದೂ ಊರಿನವರಿಂದ ಗೊತ್ತಾಗಿದೆ.