ಕಪ್ಪಿಗೆ ಕಿವಿ ಇರುವುದೇಕೆ

ಚಹಾದ ಕಪ್ಪಿಗೆ ಕಿವಿಯನ್ನು ಮೊದಲು ಯಾರು ಅಂಟಿಸಿದರೋ ನಾನರಿಯೆ. ಕಳೆದ ವರ್ಷವಿಡೀ ಅದು ನನ್ನ ಪಾಲಿಗೆ ನಿಷ್ಪ್ರಯೋಜಕ ಅಲಂಕಾರವಾಗಿತ್ತು ಎಂಬುದನ್ನು ಮಾತ್ರ ಬಲ್ಲೆ. ನನ್ನ ಬಲಗೈಯ ಹೆಬ್ಬೆರಳಿಗೂ ಅದರ ಪಕ್ಕದ ಎರಡು ಬೆರಳುಗಳಿಗೂ ಬಿಸಿಯೇ ತಿಳಿಯುತ್ತಿರಲಿಲ್ಲ. ಹೊಗೆಯಾಡುವ ಕಪ್ಪನ್ನು ಹೊಟ್ಟೆಗೇ ಕೈಹಾಕಿ ಎತ್ತಿಕೊಂಡು ಬರುವ ನನ್ನನ್ನು ಕಂಡವರು ಇದೇನೋ ಯೋಗಸಾಧನೆ ಎಂದುಕೊಂಡಿದ್ದರೆ ಆಶ್ಚರ್ಯವಿಲ್ಲ. ಮಣಿಕಟ್ಟಿನೊಳಗೆ ನರವೊಂದು ಸಿಕ್ಕಿಹಾಕಿಕೊಂಡಿದೆ, ಡಾಕ್ಟರರ ಭಾಷೆಯಲ್ಲಿ ಅದು ಕಾರ್ಪಲ್ ಟನಲ್, ಎಂದು ಗೊತ್ತಾದದ್ದು ಮಗಳ ಇಳಕಲ್ ಸೀರೆಗೆ ಕಸೂತಿ ಹಾಕುವಾಗ ಸೂಜಿ ಬೆರಳಿಗೇ ತಿಳಿಯದಂತೆ ಜಾರತೊಡಗಿದ ಮೇಲೆ. ಸೆರಗಿನ ಮೇಲೆ ಹಾಕುತ್ತಿದ್ದ ಗೋಪುರದ ಚಿತ್ತಾರ ಅರ್ಧಕ್ಕೇ ನಿಂತಿತು. ಆ ಗೋಪುರಕ್ಕಾಗಿಯೇ ಕೈಯನ್ನು ಕತ್ತರಿಗೆ ಒಪ್ಪಿಸಿದೆ.

ಶಸ್ತ್ರಚಿಕಿತ್ಸೆ ಚಹಾ ಕುಡಿದು ಮುಗಿಸುವಷ್ಟರಲ್ಲಿ ಮುಗಿಯಿತು. ಕಷ್ಟವಿದ್ದದ್ದು ಚೇತರಿಕೆಯಲ್ಲಿ. "ಹಾತ್ ವರ್ ಠೇವಾ," ಕೈ ಸದಾ ಮೇಲಿರಲಿ ಎಂದರು ಡಾಕ್ಟರು. ಬೆರಳುಗಳನ್ನು ಆಗಾಗ ಮಡಚಿ ಬಿಚ್ಚಬೇಕು, ಹೊಲಿಗೆ ಒದ್ದೆಯಾಗಬಾರದು, ಭಾರವನ್ನಂತೂ ಎತ್ತಲೇಬಾರದು. ನಾನು ಬ್ಯಾಂಡೇಜು ಸುತ್ತಿದ ಅಭಯಹಸ್ತವನ್ನು ಎತ್ತಿ ಹಿಡಿದು, ಚಿಂಚವಡದ ನಮ್ಮ ಪುಟ್ಟ ಫ್ಲ್ಯಾಟಿನಲ್ಲಿ ಕುಕ್ಕರಿಗೂ ಫ್ರಿಜ್ಜಿಗೂ ವರ ಕೊಡುತ್ತ ಓಡಾಡಿದೆ.

ಕೈ ವಾಸಿಯಾಗುತ್ತಿತ್ತು, ಕೈ ನೋಡಲು ಬರುವವರು ಬಿಟ್ಟಿದ್ದರೆ. ಪುಣೆಯಲ್ಲಿ ನೆಲೆಸಿದ ನಾವು ಧಾರವಾಡದ ಕಡೆಯವರು ಬೇರೆ ಏನನ್ನು ಮರೆತರೂ ಕಾಯಿಲೆಯವರನ್ನು ಮಾತಾಡಿಸಿ ಬರುವುದನ್ನು ಮರೆಯುವುದಿಲ್ಲ. ದೇಹೂ ರೋಡಿನವರು ಬಂದರು. ಲೋಣಾವಳಾದಿಂದ ಬಂದವರು ಚಿಕ್ಕಿ ತಂದರು, ನಾನದನ್ನು ಯಾವ ಕೈಯಿಂದ ಮುರಿಯಬೇಕೆಂದು ಯೋಚಿಸದೆ. ಎಲ್ಲರೂ ಮರುಕದಿಂದ ಹಿಡಿದು ಒತ್ತಿದ್ದು ಅದೇ ಕೈಯನ್ನು. ಸಿಟ್ಟು ನೆತ್ತಿಗೇರುತ್ತಿತ್ತು, ಬಾಯಲ್ಲಿ ಮಾತ್ರ "ಆರಾಮ ಅದ ರೀ" ಎನ್ನುತ್ತಿದ್ದೆ.

ಒಂಬತ್ತನೆಯ ದಿನ ತಳೇಗಾಂವದಿಂದ ಲೋಕಲ್ ರೈಲು ಹಿಡಿದು ಶಾಂತಕ್ಕ ಬಂದರು. ಧಾರವಾಡದಲ್ಲಿ ನಮ್ಮ ಪಕ್ಕದ ಮನೆಯವರಾಗಿ ನನಗೆ ಮೊದಲು ಸೂಜಿ ಹಿಡಿಸಿದವರು, ಈಗ ಎಪ್ಪತ್ತು ದಾಟಿದವರು. ಅರ್ಧಕ್ಕೆ ನಿಂತ ಗೋಪುರದ ಕಥೆ ಕೇಳಿ ಮರುಗಿದರು. ನನ್ನ ಗಂಡ ಚಹಾ ಮಾಡಿ, "ನೀ ಕೂಡು, ನಾ ಕೊಡ್ತೀನಿ" ಎಂದರು. ಹಿರಿಯರು ಬಂದಾಗ ನಾನು ಕೂತು ಗಂಡ ಟ್ರೇ ಹಿಡಿಯುವುದೇ? ಎದ್ದೆ. ಎಡಗೈಯಿಂದ ಕೊಡುವುದು ನಮ್ಮಲ್ಲಿ ಅಪಚಾರವಾದ್ದರಿಂದ ಮೂರು ಕಪ್ಪು, ಒಂದು ತಟ್ಟೆ ಅವಲಕ್ಕಿ ಚೂಡಾ ಇದ್ದ ಟ್ರೇಯನ್ನು ಬಲಗೈಯಲ್ಲೇ ನೀಡಿದೆ. ಹೊರಡುವಾಗ ಕುಂಕುಮವನ್ನೂ ಅದೇ ಕೈಯಿಂದ ಹಚ್ಚಿದೆ. ಸಂಸ್ಕಾರ ಉಳಿಯಿತು, ಹೊಲಿಗೆ ಬಿಚ್ಚಿತು.

ಡಾಕ್ಟರು ಚೆನ್ನಾಗಿ ಬೈದು ಮತ್ತೆ ಹೊಲಿದರು. ಇನ್ನೊಮ್ಮೆ ಹೀಗಾದರೆ ಕೈ ಮೊದಲಿನಂತಾಗುವ ಭರವಸೆ ಕೊಡಲಾರೆ ಎಂದರು. ಆಗ ನನಗೆ ಸಿಟ್ಟು ಬಂದದ್ದು ಯಾರ ಮೇಲೆ ಎಂದು ಕೇಳಬೇಡಿ. ಶಾಂತಕ್ಕನ ಮೇಲೆ, ಅವರನ್ನು ಹೊತ್ತುತಂದ ಲೋಕಲ್ಲಿನ ಮೇಲೆ, ಗೌರವವನ್ನೆಲ್ಲ ಒಂದೇ ಕೈಗೆ ಗುತ್ತಿಗೆ ಕೊಟ್ಟ ಪೂರ್ವಜರ ಮೇಲೆ, ಕೊನೆಗೆ ಐವತ್ತೆಂಟಾದರೂ ಬುದ್ಧಿ ಬಾರದ ನನ್ನ ಮೇಲೆ. ಬೆರಳುಗಳು ಇನ್ನೂ ಮರಗಟ್ಟಿಯೇ ಇದ್ದವು. ಅವು ಹಾಗೆಯೇ ಉಳಿದುಬಿಟ್ಟರೆ ಎಂಬ ಭಯವನ್ನು ಸಿಟ್ಟಿನ ಅಡಿಯಲ್ಲಿ ಮುಚ್ಚಿಟ್ಟಿದ್ದೆ.

ಎರಡು ವಾರದ ಮೇಲೆ ಹೊಲಿಗೆ ತೆಗೆದ ಮರುದಿನ, ನಡೆದದ್ದೆಲ್ಲ ಯಾರಿಂದಲೋ ಕೇಳಿ, ಶಾಂತಕ್ಕ ಮತ್ತೆ ಬಂದರು. ಈ ಸಲ ಮರ್ಯಾದೆಯನ್ನೆಲ್ಲ ಬದಿಗಿಟ್ಟು ಎಡಗೈಯಲ್ಲಿ ಒಂದೇ ಒಂದು ಕಪ್ಪು ನೀಡಿದೆ. "ಎಡಗೈ ರೀ ಅಕ್ಕಾ, ತಪ್ಪು ತಿಳ್ಕೋಬ್ಯಾಡ್ರಿ."

ಅವರು ಚಾಚಿದ್ದ ಬಲಗೈಯನ್ನು ಹಿಂದಕ್ಕೆಳೆದು ಎಡಗೈ ಮುಂದೆ ಮಾಡಿದರು. "ನೀ ಎಡಗೈಲೆ ಕೊಡು, ನಾ ಎಡಗೈಲೆ ತಗೋತೀನಿ. ಇಬ್ಬರೂ ಕೂಡಿ ತಪ್ಪು ಮಾಡಿದ್ರ ಬೈಯಾವ್ರು ಯಾರು? ಅವತ್ತ ಒಂದು ಮಾತು ಹೇಳಿದ್ರ ನಾನ ಒಳಗ ಬಂದು ತಗೋತಿದ್ದೆ. ಕೈ ನೋಡ್ಲಿಕ್ಕೆ ಬಂದು ಕೈ ಕೆಡಿಸಿದೆ ಅಂತ ಭಾಳ ಕೆಟ್ಟ ಅನಿಸ್ತವ್ವಾ."

ಇಷ್ಟು ದಿನ ಜಪಿಸಿದ ಸಿಟ್ಟು ಎಲ್ಲಿ ಹೋಯಿತೋ. ಮುಖ ಮರೆಸಲು ನನ್ನ ಕಪ್ಪಿಗೆ ಕೈಹಾಕಿದೆ, ಹಳೆಯ ಚಾಳಿಯಂತೆ ಬಲಗೈಯನ್ನು, ಹೊಟ್ಟೆಗೇ. ಮುಟ್ಟಿದ್ದೇ ತಡ, ಕೈ ತಾನಾಗಿ ಹಿಂದಕ್ಕೆ ಬಂತು.

"ಏನಾತು?" ಶಾಂತಕ್ಕ ಗಾಬರಿಯಾದರು.

"ಸುಟ್ಟಿತು ರೀ ಅಕ್ಕಾ," ಎಂದೆ. ಕಣ್ಣು ತುಂಬಿ ಬಂತು. "ಬೆರಳಿಗೆ ಸುಟ್ಟಿತು."

ಅವರು ನನ್ನ ಹೆಬ್ಬೆರಳನ್ನು ಒತ್ತದೆ, ಬರಿದೇ ಮುಟ್ಟಿ, "ಗೋಪುರ ಇನ್ನ ಮುಗೀತದ ಬಿಡು" ಎಂದರು. ನಾನು ಕಪ್ಪನ್ನು ಮೆಲ್ಲಗೆ ತಿರುಗಿಸಿ, ವರ್ಷದ ಮೇಲೆ ಮೊದಲ ಸಲ, ಅದರ ಕಿವಿ ಹಿಡಿದು ಎತ್ತಿದೆ, ಎಡಗೈಯಲ್ಲೇ.