ಬಾಜೂ ಮನೆಯ ಕಾಕುವಿನ ಉಸಿರು

ಮೊನ್ನೆ ಘೋಡಗೇರಿಯ ಹಾದಿಯಲ್ಲಿ ಕಬ್ಬಿನ ಸಿಪ್ಪೆ ಉರಿಯುವ ಹೊಗೆ ಬಸ್ಸಿನ ಕಿಟಕಿಯೊಳಗೆ ನುಗ್ಗಿತು. ಹಿಂದೆಯೇ ಕುದಿಯುವ ಬೆಲ್ಲದ ವಾಸನೆ. ಸೆರಗನ್ನು ಮೂಗಿಗೆ ಒತ್ತಿಕೊಂಡೆ. ಬಾಜೂ ಮನೆಯ ಕಾಕು, ಪಕ್ಕದ ಮನೆಯ ಚಿಕ್ಕಮ್ಮ, ನೆನಪಾದರು...

ತೊಂಬತ್ತರ ದಶಕದ ಕೊನೆಗೆ ನಾನು ಘೋಡಗೇರಿಗೆ ಸೊಸೆಯಾಗಿ ಬಂದಾಗ ಅವರಿಗೆ ಐವತ್ತರ ಆಸುಪಾಸು. ಗಂಡ ತೀರಿದ ಮೇಲೆ ಬೆಲ್ಲದ ಗಾಣ ನಡೆಸುತ್ತಿದ್ದವರು ಅವರೇ. ಕಬ್ಬು ಅರೆಯುವ ಹಂಗಾಮು ಪೂರ್ತಿ ಹೊಗೆಯಲ್ಲಿ ನಿಂತು ನಿಂತು ಉಸಿರಿಗೆ ಸಿಳ್ಳು ಹತ್ತಿತ್ತು.

ಒಂದು ಮಧ್ಯಾಹ್ನ ಕಡಾಯಿಯ ಪಕ್ಕದಲ್ಲೇ ಕುಸಿದರು. ತುಟಿ ನೀಲಿಯಾಗಿತ್ತು. ಟೆಂಪೋದಲ್ಲಿ ನನ್ನ ಎದೆಗೆ ಒರಗಿಸಿಕೊಂಡು ಹುಕ್ಕೇರಿಗೆ ಒಯ್ದೆವು. ಒಂದೊಂದು ಉಸಿರಿಗೂ ಅವರ ಉಗುರು ನನ್ನ ತೋಳಿಗೆ ನಾಟುತ್ತಿತ್ತು. ಅಲ್ಲಿಯ ಲೇಡಿ ಡಾಕ್ಟರು ಮಾಸ್ಕ್ ಹಾಕಿ ಔಷಧದ ಹಬೆ ಕೊಟ್ಟರು. ಸಂಜೆಗೆ ಮಾತು ಬಂತು.

ಶ್ವಾಸನಾಳದ ಒಳಮೈಗೆ ಜೀವಕೋಶಗಳ ತೆಳುವಾದ ಪದರವಿದೆ, ಅದು ಗೋಡೆಗೆ ಬಳಿದ ಬರೀ ಗಿಲಾವಿನಂತಲ್ಲ ಎಂದು ಡಾಕ್ಟರು ತಿಳಿಸಿ ಹೇಳಿದರು. ಸುತ್ತಲಿನ ಸ್ನಾಯು ಸಡಿಲವಾಗಿರಲೆಂದು ಆ ಕೋಶಗಳು ಸದಾ ಏನೋ ರಸ ಸೂಸುತ್ತಿರುತ್ತವಂತೆ. ಹೊಗೆ ಪದರವನ್ನು ಕೆರೆದುಹಾಕಿದರೆ ಆ ರಸ ಕಡಿಮೆಯಾಗುತ್ತದೆ. ಆಮೇಲೆ ಸ್ನಾಯು ಸಣ್ಣದಕ್ಕೂ ಬಿಗಿದುಕೊಳ್ಳುತ್ತದೆ.

ಕಾಕು ಕೇಳಿದರು: “ಆ ಪದರ ತಿರುಗಿ ಬೆಳಿತೈತೇನ್ರಿ?”

“ಬೆಳಿತೈತ್ರಿ. ದಿನಾ ಈ ಇನ್ಹೇಲರಿನ ಔಷಧ ಎಳೀಬೇಕು, ಹೊಗಿ ಬಿಡಬೇಕು.”

ಬಿಟ್ಟರು. ಗಾಣ ಮಗನ ಪಾಲಾಯಿತು. ಅವರು ಬೆಳಿಗ್ಗೆ ಎದ್ದ ಕೂಡಲೇ ಔಷಧ ಎಳೆಯುತ್ತಿದ್ದರು. ಬೇಸಿಗೆಯಲ್ಲಿ ಗೋಕಾಕದ ಮಗಳ ಮನೆಯ ಮಾಳಿಗೆಯನ್ನು ಏದುಸಿರಿಲ್ಲದೆ ಹತ್ತಿ ಹಪ್ಪಳ ಒಣಗಿಸಿ ಬಂದದ್ದನ್ನು ಎಷ್ಟು ಸಲ ಹೇಳಿದರೋ... ಆರಾಮಾಯಿತಲ್ಲ ಎಂದು ಮಳೆಗಾಲದಲ್ಲಿ ಔಷಧ ನಿಲ್ಲಿಸಿದರು.

ಮುಂದಿನ ಹಂಗಾಮಿನಲ್ಲಿ ಮಗ ಇಳಿಸಿದ ಪಾಕ ಮೇಲಿಂದ ಮೇಲೆ ಸೀದುಹೋಯಿತು. ಕಾಕು ಸೆರಗು ಸಿಕ್ಕಿಸಿಕೊಂಡು ಹೊರಟರು. ನಾನು ಬಾಗಿಲಿಗೆ ಅಡ್ಡ ನಿಂತೆ.

“ಒಂದ ಕಡಾಯಿ ಇಳಿಸಿ ಬರ್ತೇನಿ. ಈಗ ಆರಾಮ ಅದೀನಲ್ಲ,” ಎಂದು ನನ್ನ ಕೈ ಸರಿಸಿದರು.

ಮತ್ತೆ ಅದೇ ಟೆಂಪೋ, ಅದೇ ರಸ್ತೆ. ಎದೆ ಗರಗಸದಂತೆ ಕೂಗುತ್ತಿತ್ತು. ಹುಕ್ಕೇರಿ ಇನ್ನೂ ದೂರವಿದ್ದಾಗ ಆ ಕೂಗು ಪೂರ್ತಿ ನಿಂತಿತು. ಮಗ ಹಿಂದಿರುಗಿ ನೋಡಿ, “ಕಡಿಮಿ ಆತು,” ಎಂದು ಕಣ್ಣೊರೆಸಿಕೊಂಡ. ನನಗೂ ಹಾಗೇ ಅನ್ನಿಸಿತು.

ಡಾಕ್ಟರು ಎದೆಗೆ ಸ್ಟೆತಸ್ಕೋಪ್ ಇಟ್ಟರು, ಇನ್ನೊಂದು ಕಡೆ ಇಟ್ಟರು. ಡಾಕ್ಟರ ಮುಖ ಬಿಳಿಚಿತು. ಸಿಳ್ಳು ಹಾಕುವಷ್ಟು ಗಾಳಿಯೂ ಒಳಗೆ ಹೋಗದಷ್ಟು ನಾಳಗಳು ಬಿಗಿದಿದ್ದವು. ಸೂಜಿ, ಹಬೆ, ಎಲ್ಲ ಮಾಡಿದರು. ಬಿಗಿ ಸಡಿಲಲಿಲ್ಲ; ಕಾಕು ಉಳಿಯಲಿಲ್ಲ.

ಈಗ ನನಗೂ ಹೆಚ್ಚುಕಡಿಮೆ ಅವರದೇ ವಯಸ್ಸು. ಮನೆಯಲ್ಲಿ ಯಾರಾದರೂ ಸದ್ದಿಲ್ಲದೆ ಮಲಗಿದ್ದರೆ ಹತ್ತಿರ ಹೋಗಿ, ಎದೆ ಏರುವುದನ್ನು ಕಂಡ ಮೇಲೆಯೇ ಕೆಲಸಕ್ಕೆ ತಿರುಗುತ್ತೇನೆ.