ಮೊದಲ ಪೀಪಾಯಿಯ ರುಚಿ

ಸಂಡೂರಿನ ಗಣಿಯಲ್ಲಿ ಎಂಜಿನಿಯರ್ ಆಗಿದ್ದ ನಮ್ಮ ಪಕ್ಕದ ಮನೆಯವರು ತಾವೇ ಕಪ್ಪು ಬಿಯರ್ ಕಾಯಿಸಿ, ವೆನಿಲಾ ಹಾಕಿ, ಮರದ ಪೀಪಾಯಿಯಲ್ಲಿ ತಿಂಗಳುಗಟ್ಟಲೆ ಇಡುತ್ತಿದ್ದರು. ಅದಿರಿನ ಕೆಂಪು ಧೂಳು ತಾಗದಂತೆ ಅದಕ್ಕೆ ಒದ್ದೆ ಗೋಣಿಚೀಲ ಹೊದಿಸುತ್ತಿದ್ದರು. ಹೊಸ ಪೀಪಾಯಿ ತೆರೆದ ಭಾನುವಾರ ಗೆಳೆಯರೆಲ್ಲ ಕುಡಿದು ಹೊಗಳಿದರೂ ಅವರು ಗಡ್ಡ ಕೆರೆದುಕೊಂಡು, "ಇಲ್ರಿ, ಮೊದಲಿಂದು ಇದಕ್ಕಿಂತ ಚಲೋ ಇತ್ತು" ಎನ್ನುವರು. ನನಗೆ ರೇಗುತ್ತಿತ್ತು. ಆ ಮೊದಲ ಪೀಪಾಯಿಯದರಲ್ಲಿ ಉಳಿದಿದ್ದ ಒಂದೇ ಬಾಟಲಿ ಅವರ ಬೀರುವಿನಲ್ಲಿತ್ತು, ಯಾರಿಗೂ ಮುಟ್ಟಗೊಡುತ್ತಿರಲಿಲ್ಲ.

ಒಮ್ಮೆ ವಾದ ಜೋರಾಗಿ, ಅವರೇ ಅದನ್ನು ತೆಗೆದು ಎಲ್ಲರಿಗೂ ಬಗ್ಗಿಸಿದರು. ಬರೀ ಹುಳಿ. ನಾವು ಲೋಟ ಕೆಳಗಿಟ್ಟೆವು. ಅವರು ಮಾತ್ರ ಪೂರ್ತಿ ಕುಡಿದರು.

"ಇನ್ನ ಯಾವುದರ ಜೋಡಿ ಹೋಲಿಸ್ತೀರಿ?" ಎಂದೆ.

"ಬಾಟ್ಲ್ಯಾಗಿಂದು ಕೆಟ್ಟೈತ್ರಿ. ನಾಲಿಗಿ ಮ್ಯಾಲಿಂದು ಹಂಗೇ ಐತಿ," ಎಂದವರೇ ಪೀಪಾಯಿ ತೊಳೆಯಲು ಎದ್ದರು.